ಮುನ್ನೂರು ವಿಜ್ಞಾನಿಗಳ ಸಾಕ್ಷಿ

"ಕೂತ್ಕೊಳ್ಳಿ ಲಾಯರ್ ಮೇಡಂ. ನಿಂತು ವಾದ ಮಾಡೋಕೆ ಇದೇನು ಕೋರ್ಟಲ್ಲ."

ಡಾಕ್ಟರ್ ಮಲ್ಲಿಕಾರ್ಜುನ ಬೆತ್ತದ ಕುರ್ಚಿಯನ್ನು ಕಾಲಿನಿಂದಲೇ ಮುಂದಕ್ಕೆ ತಳ್ಳಿದ. ಕಾತ್ಯಾಯಿನಿ ಕುರ್ಚಿಯನ್ನೂ ನೋಡಿದಳು, ಕಾಲನ್ನೂ ನೋಡಿದಳು. ಕೂರಲಿಲ್ಲ.

"ನಿಂತೇ ಅಭ್ಯಾಸ ಡಾಕ್ಟ್ರೇ. ಕೂತು ತಿನ್ನೋರ ಕೇಸು ನನ್ನ ಹತ್ರ ಬರೋದು ಕಡಿಮೆ."

ಬೇರೆ ಸಾಹುಕಾರರ ಮನೆಗಳಲ್ಲಿ ಬೇಟೆಯಾಡಿದ ಕಾಡುಕೋಣದ, ಕಾಟಿಯ ತಲೆ ತೂಗುಹಾಕುವ ಗೋಡೆಯ ಮೇಲೆ ಇಲ್ಲಿ ಗಾಜಿನ ಚೌಕಟ್ಟಿನಲ್ಲಿ ಒಂದು ಇಂಗ್ಲಿಷ್ ಲೇಖನದ ಮೊದಲ ಪುಟವಿತ್ತು. ಅದರ ಕೆಳಗೆ ಅದೇ ಲೇಖನದ ಫೋಟೋ, ದೊಡ್ಡದಾಗಿ ಮಾಡಿಸಿದ್ದು. ಕಾಫಿ ಗಿಡಗಳ ಮುಂದೆ ಸಾಲಾಗಿ ನಿಂತ ಆಳುಗಳು, ಹೆಚ್ಚಿನವರು ಹೆಂಗಸರು. ಒಂದು ಮೇಜು, ಮೇಜಿನ ತುಂಬ ರಕ್ತದ ಸೀಸೆಗಳು. ಒಬ್ಬಳ ತೋಳಿಗೆ ಸೂಜಿ ಚುಚ್ಚುತ್ತಿರುವ, ಇನ್ನೂ ತಲೆತುಂಬ ಕೂದಲಿದ್ದ ಮಲ್ಲಿಕಾರ್ಜುನ. ಕಾಟಿಯ ತಲೆಯಾಗಿದ್ದರೆ ಸತ್ತದ್ದು ಯಾವ ಪ್ರಾಣಿ ಎಂದಾದರೂ ಗೊತ್ತಾಗುತ್ತಿತ್ತು.

ದೀಪಾವಳಿ ಕಳೆದ ವಾರದಲ್ಲಿ, ಡಾಕ್ಟರ್ ಬೆಂಗಳೂರಿನಲ್ಲಿದ್ದ ದಿನ, ಅವನ ಸಂಶೋಧನಾ ಸಹಾಯಕಿ ಅರ್ಪಿತಾ ಇದೇ ಕೆಂಚನಕಾನು ಎಸ್ಟೇಟಿನ ಔಷಧಿ ಕಲಸುವ ತೊಟ್ಟಿಯ ಪಕ್ಕ ಹೆಣವಾಗಿ ಸಿಕ್ಕಿದ್ದಳು. ಹೊಟ್ಟೆಯಲ್ಲಿ ಕಾಫಿಯ ಕಾಂಡ ಕೊರೆಯುವ ಬೋರರ್ ಹುಳಕ್ಕೆ ಹೊಡೆಯುವ ವಿಷ, ಕೊರಳಲ್ಲಿ ಸರವಿಲ್ಲ. ಅಂದಿನಿಂದ ಔಷಧಿ ಹೊಡೆಯುವ ಲಕ್ಕಯ್ಯ ಚಿಕ್ಕಮಗಳೂರು ಜೈಲಿನಲ್ಲಿ, ಅವನ ವಕೀಲಿ ಮೂಡಿಗೆರೆಯ ಕಾತ್ಯಾಯಿನಿಯ ಕೈಯಲ್ಲಿ.

ಪೊಲೀಸರಿಗೆ ಸರ ಸಿಕ್ಕಿರಲಿಲ್ಲ. ಕಂಡವರೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ಲಕ್ಕಯ್ಯನ ರಕ್ತ. ಅದರಲ್ಲಿ ವಿಷದ ಗುರುತಿತ್ತು.

"ಇರದೆ ಏನು ಸ್ವಾಮಿ, ತಿಂಗಳಿಂದ ದಿನಾ ಅದನ್ನೇ ಹೊಡೀತಿದೀನಿ" ಎಂದಿದ್ದ ಲಕ್ಕಯ್ಯ. ಸಾದಾ ಮಾತು. ಯಾವ ನ್ಯಾಯಾಧೀಶರೂ ಒಪ್ಪಬಹುದಾದ ಮಾತು.

ಆದರೆ ಗೋಡೆಯ ಮೇಲಿನ ಲೇಖನ ಒಪ್ಪುತ್ತಿರಲಿಲ್ಲ. ಔಷಧಿ ಹೊಡೆಯುವ ದಿನಗಳಲ್ಲೇ ಪರೀಕ್ಷಿಸಿದರೂ ತೋಟದ ಆಳುಗಳ ರಕ್ತದಲ್ಲಿ ವಿಷದ ಗುರುತು ಕಾಣುವುದಿಲ್ಲ ಎಂದು ಅದು ಸಾರಿತ್ತು. ಹಾಗಾದರೆ ಲಕ್ಕಯ್ಯನ ರಕ್ತಕ್ಕೆ ವಿಷ ಬಂದದ್ದೆಲ್ಲಿಂದ? ನೀರು ಬೆರೆಸದ ಗಟ್ಟಿ ವಿಷವನ್ನು ಬರಿಗೈಯಲ್ಲಿ ಮುಟ್ಟಿದ್ದಾನೆ. ಮುಟ್ಟಿದ್ದು ಯಾಕೆ? ಅರ್ಪಿತಾಳಿಗೆ ಕುಡಿಸಲು. ಪೊಲೀಸರ ದೋಷಾರೋಪ ಪಟ್ಟಿಯಲ್ಲಿ ಲಕ್ಕಯ್ಯನ ಕೊರಳಿಗೆ ಹೊಸೆದ ಹಗ್ಗದ ಎಳೆ ಇದೊಂದೇ.

ಸೋಮವಾರ ಜಾಮೀನು ಅರ್ಜಿ. ಈ ಲೇಖನ ನಿಂತರೆ ಲಕ್ಕಯ್ಯ ಬೀಳುತ್ತಾನೆ.

"ಒಂದೇ ಒಂದು ಮಾತು ಕೇಳೋಕೆ ಬಂದೆ" ಎಂದಳು. "ನಿಮ್ಮ ಲೇಖನವನ್ನು ಲಕ್ಕಯ್ಯನ ಮೇಲೆ ಹೇರೋಕೆ ಬರಲ್ಲ ಅಂತ ಕೋರ್ಟಲ್ಲಿ ಹೇಳ್ತೀರಾ?"

"ಯಾಕೆ ಹೇಳಲಿ?"

"ಮನುಷ್ಯನ ಜೀವ."

"ನನ್ನದು ವಿಜ್ಞಾನ. ಒಬ್ಬ ಕುಡುಕನಿಗೋಸ್ಕರ ತಿದ್ದೋಕೆ ಅದೇನು ನಿಮ್ಮ ಮೂಡಿಗೆರೆ ಕೋರ್ಟಿನ ದನ ನುಗ್ಗಿದ ಕೇಸಾ?" ಅವನು ಗೋಡೆಯ ಕಡೆ ಗದ್ದ ಎತ್ತಿದ. "ನೂರ ನಲವತ್ತು ಪ್ರಬಂಧ ನನ್ನ ಹೆಸರಲ್ಲಿವೆ. ಇದೊಂದನ್ನೇ ಮುನ್ನೂರಕ್ಕೂ ಹೆಚ್ಚು ಕಡೆ ಉಲ್ಲೇಖಿಸಿದ್ದಾರೆ. ಬರೋ ತಿಂಗಳು ದೆಹಲಿಯಲ್ಲಿ ಸಂಶೋಧನಾ ಸಂಸ್ಥೆಯ ನಿರ್ದೇಶಕರ ಆಯ್ಕೆ ಸಮಿತಿ ಕೂರ್ತದೆ. ಅವರು ಮೊದಲು ತೆಗೆಯೋದೇ ಈ ಲೇಖನ."

"ಗೊತ್ತು. ಅದಕ್ಕೇ ನಿಮಗೆ ಇದರ ಮೇಲೆ ಇಷ್ಟು ಅಕ್ಕರೆ."

ಅಷ್ಟರಲ್ಲಿ ಒಳಬಾಗಿಲಿನಿಂದ ಕಾಫಿಯ ಘಮ ಬಂತು. ಅದರ ಹಿಂದೆ ಡಾಕ್ಟರ ತಾಯಿ ವಿಮಲಮ್ಮ. ಗಂಡ ಸತ್ತ ಮೇಲೆ ಆಳು-ಲೆಕ್ಕ ನೋಡಿಕೊಳ್ಳುವ ಮೂರು ಮಂದಿ ರೈಟರುಗಳನ್ನು ಓಡಿಸಿ ತೋಟವನ್ನು ತಾನೇ ನಡೆಸಿದ ಹೆಂಗಸು. ಎಪ್ಪತ್ತರ ಹತ್ತಿರ ಬಂದರೂ ಬೆನ್ನು ಬಾಗಿರಲಿಲ್ಲ. ದನಿ ಅದಕ್ಕಿಂತಲೂ ನೆಟ್ಟಗೆ.

"ಸಂಸೆ ಮೇಷ್ಟ್ರ ಮಗಳಲ್ವಾ ನೀನು? ನಮ್ಮಂಥೋರ ಮನೆ ಹುಡುಗಿ, ಎಂಥಾ ಜನದ ಕೇಸು ಹಿಡ್ಕೊಂಡು ತಿರುಗ್ತೀಯೆ ಮಾರಾಯ್ತಿ. ತಗೋ, ಕಾಫಿ ಕುಡಿ. ನಾನೇ ಇಳಿಸಿದ ಡಿಕಾಕ್ಷನ್ನು. ಈ ಮನೆ ಕಾಫಿ ಪಾತ್ರೆ ಇವತ್ತಿಗೂ ಇನ್ನೊಬ್ಬರ ಕೈಗೆ ಕೊಟ್ಟೋಳಲ್ಲ."

ಕಾತ್ಯಾಯಿನಿ ಲೋಟ ತೆಗೆದುಕೊಂಡಳು. ವಿಮಲಮ್ಮನ ಹೆಗಲಾಚೆ ನಡುಮನೆ, ಅದರಾಚೆ ಹಿತ್ತಲ ಬಾಗಿಲು. ಹೊಸ್ತಿಲ ಹೊರಗೆ ಪಾತ್ರೆ ಉಜ್ಜುತ್ತ ಕುಕ್ಕುರುಗಾಲಲ್ಲಿ ಕೂತಿದ್ದಳು ಲಕ್ಕಯ್ಯನ ಹೆಂಡತಿ ತಿಮ್ಮಮ್ಮ. ಮೋಟುಗೋಡೆಯ ಮೇಲೆ ಅವಳದೇ ಒಂದು ತಗಡಿನ ಲೋಟ ಬೋರಲಾಗಿತ್ತು. ವಿಮಲಮ್ಮ ಹಿಂದಿರುಗಿ ಹೋಗಿ, ಅವಳು ಅದನ್ನು ಎತ್ತಿ ಹಿಡಿಯುತ್ತಲೇ, ಮೇಲಿನಿಂದ ಕಾಫಿ ಹೊಯ್ದರು. ಪಾತ್ರೆಗೆ ಲೋಟ ತಾಗಲಿಲ್ಲ. ಎರಡು ಕೈಗಳ ನಡುವೆ ಒಂದು ಮೊಳ ಗಾಳಿ.

ಎರಡು ಸಾವಿರದ ಆರನೆಯ ಇಸವಿ. ಮಗ ದೆಹಲಿಯಲ್ಲಿ ನಿರ್ದೇಶಕನಾಗಲು ಹೊರಟವನು. ಮನೆ ಹಿಂದೆ ಆ ಲೋಟ.

"ಗಂಡ ಮಾಡಿದ ಪಾಪಕ್ಕೆ ಹೆಂಡತೀನ ಬೀದಿಗೆ ಹಾಕಿಲ್ಲ ನೋಡಿ" ಎಂದ ಮಲ್ಲಿಕಾರ್ಜುನ, ಅವಳ ಕಣ್ಣು ಹೋದ ಕಡೆ ನೋಡಿ. "ಅಷ್ಟು ಮನುಷ್ಯತ್ವ ಇದೆ ನಮಗೆ."

"ಕಂಡೆ. ಮೊಳದಷ್ಟು ಎತ್ತರದಿಂದ ಹೊಯ್ತಿದಾರೆ."

ಕಾತ್ಯಾಯಿನಿ ಕಾಫಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ನಿಮ್ಮ ಲೇಖನವನ್ನು ಉಲ್ಲೇಖಿಸಿದೋರನ್ನ ಓದಿದೆ ಡಾಕ್ಟ್ರೇ. ಬೆಂಗಳೂರಿಗೆ ಹೋಗಿ ಲೈಬ್ರರಿಯಲ್ಲಿ ಕೂತು, ಸಿಕ್ಕಷ್ಟನ್ನೂ."

"ಅರ್ಥ ಆಯ್ತಾ?"

"ಅರ್ಥ ಆಗೋಕೆ ಅದರಲ್ಲೇನೂ ಇರಲಿಲ್ಲ. ಅರ್ಧಕ್ಕರ್ಧ ನಿಮ್ಮ ಬೆನ್ನು ನೀವೇ ತಟ್ಟಿಕೊಂಡಿದ್ದು. ಮಿಕ್ಕಿದ್ದರಲ್ಲಿ ನಿಮ್ಮ ಶಿಷ್ಯರು. ಮದುವೆಗೆ ಬಂದ ನೆಂಟರೆಲ್ಲ ಗಂಡಿನ ಕಡೆಯೋರೇ. ಹೊರಗಿನೋರು ಒಂದೊಂದೇ ಸಾಲು ಬರೆದಿದ್ದಾರೆ, 'ಆಳುಗಳಿಗೆ ಅಪಾಯವಿಲ್ಲವೆಂದು ತಿಳಿದುಬಂದಿದೆ' ಅಂತ. ಯಾರಿಂದ ತಿಳಿದುಬಂತು ಅಂದ್ರೆ ನಿಮ್ಮ ಕಡೆ ಬೆರಳು ತೋರಿಸ್ತಾರೆ. ಅವರ ಕಡೆ ಬೆರಳು ತೋರಿಸಿ ಇನ್ನೊಬ್ಬ ಬರೀತಾನೆ. ಮತ್ತೆ ಒಬ್ಬ ಆಳಿನ ತೋಳು ಹಿಡಿದು ರಕ್ತ ತೆಗೆದು ನೋಡಿದೋರು ಒಬ್ಬರೇ. ಸಿಲೋನಿನ ಟೀ ತೋಟದೋರು. ಅವರಿಗೆ ಸಿಕ್ಕಿದ್ದು ನಿಮ್ಮದಕ್ಕೆ ತಿರುವುಮುರುವು."

"ಅವರೇ 'ಸ್ಥಳೀಯ ಕಾರಣಗಳಿರಬಹುದು' ಅಂತಾನೂ ಬರೆದಿದ್ದಾರೆ."

"ಮರ್ಯಾದಸ್ಥರು. ಸುಳ್ಳು ಅನ್ನೋಕೆ ನಾಚಿಕೊಂಡಿದ್ದಾರೆ."

"ಅದೂ ಉಲ್ಲೇಖವೇ ಮೇಡಂ." ಅವನು ಈಗ ನಿಜವಾಗಿಯೂ ನಕ್ಕ. "ಒಪ್ಪಿದರೂ ಒಂದು, ಒಪ್ಪದಿದ್ದರೂ ಒಂದು. ಲೆಕ್ಕಕ್ಕೆ ಎರಡೂ ಸೇರ್ತದೆ."

"ಬೈದಿದ್ದೂ ಲೆಕ್ಕಕ್ಕೆ ಸೇರೋದಾದ್ರೆ ಮೂಡಿಗೆರೆ ಸಂತೇಲಿ ಜೇಬುಗಳ್ಳನಿಗಿಂತ ದೊಡ್ಡ ವಿಜ್ಞಾನಿ ಇಲ್ಲ."

"ಹೇಳಿ, ಇದನ್ನೇ ಹೇಳಿ ಸೋಮವಾರ." ಅವನು ಮುಂದಕ್ಕೆ ಬಾಗಿದ. ದನಿ ತಗ್ಗಿತು, ವಿಷ ಹೆಚ್ಚಿತು. "ಸರ್ಕಾರಿ ವಕೀಲರು ಎದ್ದು ನಿಂತು, ಪ್ರಪಂಚದ ಮುನ್ನೂರು ವಿಜ್ಞಾನಿಗಳು ಕಣ್ಣಿಗೊತ್ತಿಕೊಂಡ ಲೇಖನ ಸ್ವಾಮಿ ಇದು ಅಂತಾರೆ. ನೀವು ಎದ್ದು ಸಿಲೋನಿನ ಒಬ್ಬನ ಹೆಸರು ಹೇಳ್ತೀರಿ. ಆಮೇಲೆ ಸಂತೆಯ ಜೇಬುಗಳ್ಳನ ಕಥೆ ಹೇಳ್ತೀರಿ. ಜಡ್ಜು ಯಾರ ಮಾತು ಕೇಳ್ತಾರೆ?"

ತನ್ನ ಮಾತು ಕೇಳುತ್ತಾರೆಂಬ ನಂಬಿಕೆ ಇದ್ದಿದ್ದರೆ ಕಾತ್ಯಾಯಿನಿ ಈ ಮನೆಯ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. ಜೈಲಿನ ಕಂಬಿಯ ಹಿಂದೆ ಲಕ್ಕಯ್ಯ ಕೇಳಿದ್ದು ನೆನಪಾಯಿತು. ಆ ಮುನ್ನೂರು ಜನ ನಮ್ಮ ಆಳುಗಳ ಲೈನು ಮನೆಗಳಿಗೆ ಯಾವಾಗ ಬಂದಿದ್ರು ಲಾಯರಮ್ಮ, ನಾನು ಒಬ್ಬರನ್ನೂ ಕಂಡಿಲ್ವಲ್ಲ.

ಅವಳು ಕಿಟಕಿಯ ಕಡೆ ತಿರುಗಿದಳು, ಮುಖ ಅವನಿಗೆ ಕಾಣದಿರಲಿ ಎಂದು.

ಹೊರಗೆ ಕಾಫಿ ಕಣದಲ್ಲಿ ಸಂಜೆಯ ಅಳತೆ ಶುರುವಾಗಿತ್ತು. ರೋಬಸ್ಟಾ ಕುಯ್ಲಿನ ಕಾಲ. ತೋಟದಿಂದ ಹೆಂಗಸರು ಇಳಿದು ಬರುತ್ತಿದ್ದರು, ತಲೆಯ ಮೇಲೆ ಹಣ್ಣಿನ ಮೂಟೆ. ಒಬ್ಬಳು ಮೂಟೆ ಇಳಿಸಿ ಬಗ್ಗಿ ನೊಂದ ಸೊಂಟವನ್ನು ಹಿಂದಕ್ಕೆ ಒತ್ತಿಕೊಂಡಳು. "ತಕ್ಕಡಿಗೆ ಕಾಲು ಕೊಡಬೇಡಿ ರೈಟರೇ" ಎಂದು ಇನ್ನೊಬ್ಬಳು ರೇಗಿಸಿದಳು. ಎಲ್ಲರೂ ನಕ್ಕರು. ರೈಟರು ನಗಲಿಲ್ಲ.

ಎಲ್ಲರ ಸೊಂಟದ ಮುಂದೆಯೂ ಒಂದೊಂದು ಗೋಣಿಯ ಚೀಲ ಕಟ್ಟಿತ್ತು. ಕೊಂಬೆ ಬಗ್ಗಿಸಿ ಎರಡೂ ಕೈಯಲ್ಲಿ ಹಣ್ಣು ಬಿಡಿಸಿ ನೇರ ಅದರೊಳಗೆ ಬಿಡುವ ಚೀಲ. ಕುಯ್ಲು ಮುಗಿದ ದಿನ ಬಿಚ್ಚಿ ಅಟ್ಟಕ್ಕೆ ಎಸೆದರೆ ಮತ್ತೆ ಕೈಗೆತ್ತಿಕೊಳ್ಳುವುದು ಮುಂದಿನ ಕುಯ್ಲಿಗೇ.

ಕಾತ್ಯಾಯಿನಿ ಕಿಟಕಿಯಿಂದ ಕಣ್ಣು ಕಿತ್ತು ಗೋಡೆಯ ಕಡೆ ನೋಡಿದಳು.

ಫೋಟೋದಲ್ಲಿ ಸಾಲಾಗಿ ನಿಂತ ಹೆಂಗಸರು. ಸೂಜಿ ಚುಚ್ಚಿಸಿಕೊಳ್ಳುತ್ತಿರುವವಳೂ. ಪ್ರತಿಯೊಬ್ಬಳ ಸೊಂಟದಲ್ಲೂ ಅದೇ ಚೀಲ. ಒಬ್ಬಳದಂತೂ ತುಂಬಿ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತ್ತು.

ಈ ಫೋಟೋ ದೋಷಾರೋಪ ಪಟ್ಟಿಯಲ್ಲಿ ಅವಳ ಕಣ್ಣೆದುರು ವಾರಗಟ್ಟಲೆ ಇತ್ತು. ಅಕ್ಷರಗಳನ್ನು ಓದಿ ಓದಿ ಕಣ್ಣು ಸವೆಸಿಕೊಂಡವಳು ಚಿತ್ರವನ್ನು ನೋಡಿರಲೇ ಇಲ್ಲ. ಸಂಸೆಯ ಕಾಫಿ ತೋಟಗಳ ನಡುವೆ ಹುಟ್ಟಿಯೂ.

ಮುಖ ತಣ್ಣಗಿಟ್ಟುಕೊಂಡು ಬೆತ್ತದ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು.

"ಸೋತೆ ಅಂತಲೇ ಇಟ್ಕೊಳ್ಳಿ. ಒಂದು ಸಣ್ಣ ಅನುಮಾನ. ಈ ಫೋಟೋ ನಿಜವಾಗಿ ಪರೀಕ್ಷೆಯ ದಿನದ್ದೇನಾ? ಪತ್ರಿಕೆಗೆ ಚೆನ್ನಾಗಿರಲಿ ಅಂತ ಆಮೇಲೆ ನಿಲ್ಲಿಸಿ ತೆಗೆಸಿದ್ದಲ್ಲ ತಾನೇ?"

ಅವಳು ಎಣಿಸಿದ ಜಾಗಕ್ಕೇ ಪೆಟ್ಟು ಬಿತ್ತು. ಅವನ ಕುತ್ತಿಗೆ ಕೆಂಪಾಯಿತು.

"ನಾನು ನಾಟಕದ ಕಂಪನಿ ನಡೆಸ್ತಿಲ್ಲ. ಆ ಲೇಖನದಲ್ಲಿರೋ ಒಂದೊಂದು ಹನಿ ರಕ್ತ ಅದೇ ಮೇಜಿನ ಮೇಲೆ, ಅದೇ ಸಲಕ್ಕೆ ತೆಗೆದಿದ್ದು. ಫೋಟೋದ ಕೆಳಗೇ ಬರೆದಿದೆ, ಓದೋಕೆ ಬಂದ್ರೆ ಓದಿ. ಪತ್ರಿಕೆಯೋರು ಅದನ್ನ ಕೇಳಿ, ಖಚಿತ ಮಾಡಿಕೊಂಡೇ ಹಾಕಿದ್ದು."

"ಮತ್ತೆ ಬಂದು ಬೇರೆ ರಕ್ತ ತೆಗೀಲಿಲ್ವಾ?"

"ಇಲ್ಲ. ಒಂದೇ ಕ್ಯಾಂಪು. ಸಾಕಾ?"

"ಸಾಕು." ಕಾತ್ಯಾಯಿನಿ ಒಳಬಾಗಿಲ ಕಡೆ ತಿರುಗಿದಳು. ವಿಮಲಮ್ಮ ಅಲ್ಲೇ ನಿಂತು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. "ಅಮ್ಮ, ನಿಮ್ಮ ತೋಟದ ಮೇಲೊಂದು ದೂರಿದೆ. ಕೇಳಿದ್ರೆ ಬೇಜಾರು ಮಾಡ್ಕೊಬೇಡಿ."

"ನಮ್ಮ ತೋಟದ ಮೇಲೆ ದೂರಾ? ಎಂಥದು?"

"ಹಣ್ಣು ಗಿಡದ ಮೇಲಿರುವಾಗಲೇ ಕೆಂಚನಕಾನಿನಲ್ಲಿ ಬೋರರ್ ಔಷಧಿ ಹೊಡೀತಾರಂತೆ. ಕುಯ್ಲಿನ ಮಧ್ಯದಲ್ಲೇ."

ವಿಮಲಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

"ಯಾವನು ಹೇಳಿದ್ದು? ಕರ್ಕೊಂಡು ಬಾ ನನ್ನೆದುರಿಗೆ."

"ಅಮ್ಮ, ನೀನು ಒಳಗೆ ಹೋಗು" ಎಂದ ಮಗ. ಅವನಿಗಿನ್ನೂ ಏನೆಂದು ಹೊಳೆದಿರಲಿಲ್ಲ. ಗಾಳಿ ತಿರುಗಿದ್ದಷ್ಟೇ ಗೊತ್ತಾಗಿತ್ತು.

"ಇರೋ ಮಾರಾಯ. ತೋಟ ನಿನ್ನದಲ್ಲ, ನಂದು." ಅವರು ಹಜಾರದ ನಡುವಿಗೇ ಬಂದರು. "ನಿಮ್ಮಪ್ಪ ಹೋದಾಗಿಂದ ನಡೆಸಿದೀನಿ. ಔಷಧಿ ಅಂದ್ರೆ ಮುಂಗಾರಿಗೆ ಮುಂಚೆ ಒಂದು ಸಲ, ಮಳೆ ಹೋದ ಮೇಲೆ ದೀಪಾವಳಿ ಆಚೀಚೆ ಒಂದು ಸಲ. ಕುಯ್ಲಿಗೆ ಇಳಿದ ಮೇಲೆ ಈ ತೋಟದಲ್ಲಿ ಒಂದು ತೊಟ್ಟು ಬಿದ್ದಿದ್ದು ತೋರಿಸಲಿ, ತೋಟ ಬರೆದುಕೊಡ್ತೀನಿ. ಹಣ್ಣಿಗೆ ವಿಷ ಬಿದ್ರೆ ವ್ಯಾಪಾರಿ ಮೂಸಿ ನೋಡ್ತಾನಾ?"

"ಸೊಂಟಕ್ಕೆ ಚೀಲ ಕಟ್ಟಿದಾರೆ ಅಂದ್ರೆ ಕುಯ್ಲು ಅಂತ ಅರ್ಥ, ಅಲ್ವಾ ಅಮ್ಮ?"

"ಮತ್ತೆ? ಔಷಧಿ ಕೆಲಸಕ್ಕೆ ಯಾರಾದ್ರೂ ಚೀಲ ಕಟ್ತಾರಾ? ಮೇಷ್ಟ್ರ ಮಗಳಾಗಿ ಇಷ್ಟು ಗೊತ್ತಾಗಲ್ವಾ?"

ಕಣದಲ್ಲಿ ರೈಟರು ಮುಂದಿನ ಮೂಟೆಯ ತೂಕ ಕೂಗಿದರು.

ಮಲ್ಲಿಕಾರ್ಜುನ ಗೋಡೆಯ ಕಡೆ ತಿರುಗಿದ. ಒಂಬತ್ತು ವರ್ಷದಿಂದ ದಿನವೂ ಕಂಡ ಚಿತ್ರವನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ತೋಟದ ಮನೆಯಲ್ಲಿ ಹುಟ್ಟಿದವನೇ. ಆದರೆ ಮೊದಲು ಹಾಸ್ಟೆಲು, ಆಮೇಲೆ ವಿದೇಶ. ಚೀಲ ಅವನಿಗೆ ಹೆಂಗಸರ ಸೀರೆಯ ಒಂದು ಭಾಗವಾಗಿತ್ತಷ್ಟೇ. ಕ್ರಿಸ್‌ಮಸ್ ರಜೆಗೆ ಮನೆಗೆ ಬಂದಾಗ ಆಳುಗಳು ಕೈಗೆ ಸಿಕ್ಕರು, ಸೂಜಿ ಚುಚ್ಚಿದ, 'ಔಷಧಿ ಹೊಡೆಯುವ ದಿನಗಳಲ್ಲಿ' ಎಂದು ಬರೆದ. ಕಾಗದದ ಮೇಲೆ ಕಾಲವನ್ನು ಬದಲಿಸುವುದು ಸುಲಭ. ಪತ್ರಿಕೆಯಲ್ಲಿ ಕುಳಿತು ಓದಿ ಒಪ್ಪಿದವರಾರೂ ಮಣ್ಣುಬಣ್ಣದ ಆ ಗೋಣಿಯ ಚೂರು ಏನೆಂದು ಕೇಳಲಿಲ್ಲ. ಮುನ್ನೂರು ಜನವೂ ಕೇಳಲಿಲ್ಲ.

"ವಿಷ ಹೊಡೆದು ಎರಡು ತಿಂಗಳಾದ ಮೇಲೆ ರಕ್ತ ತೆಗೆದು, ವಿಷ ಇಲ್ಲ ಅಂದಿರಿ" ಎಂದಳು ಕಾತ್ಯಾಯಿನಿ. "ಉಂಡು ಕೈ ತೊಳೆದೋನ ಎಲೆ ನೋಡಿ ಇವನು ಉಪವಾಸ ಅಂದ ಹಾಗೆ. ಆ ಮಾತಿಗೆ ಒಬ್ಬ ಬಡವನನ್ನ ನೇಣಿಗೆ ಕಳಿಸ್ತಿದ್ರಿ."

"ಏನಾಯ್ತು?" ವಿಮಲಮ್ಮನ ದನಿಯಲ್ಲಿ ಮೊದಲ ಸಲ ಅಳುಕಿತ್ತು. "ನಾನು ತಪ್ಪೇನು ಹೇಳಿದೆ? ಆ ಹುಡುಗಿಗೂ ಇದನ್ನೇ ಹೇಳಿದ್ದು. ಅವಳೂ ಹೀಗೇ ಫೋಟೋ ನೋಡಿ ನೋಡಿ ಕೇಳಿದ್ಲು."

"ಯಾವ ಹುಡುಗಿ ಅಮ್ಮ?"

"ಅರ್ಪಿತಾ. ಪಾಪ, ಅದೇ ಕುರ್ಚೀಲಿ ಕೂತು ಕಾಫಿ ಕುಡೀತಾ..."

ಕಾತ್ಯಾಯಿನಿ ಕುರ್ಚಿಯ ಮೇಲಿಂದ ಕೈ ತೆಗೆದಳು.

ಅರ್ಪಿತಾ ಕೆಂಚನಕಾನಿಗೆ ಬಂದದ್ದು ಜೀವನದಲ್ಲಿ ಒಂದೇ ಸಲ, ಸತ್ತ ದಿನ. ನೇರ ಲೈನಿನ ಕಡೆ ಹೋದಳು, ನಮ್ಮ ಮನೆಗೆ ಬರಲೇ ಇಲ್ಲ. ತಾಯಿ ಮಗ ಇಬ್ಬರೂ ಪೊಲೀಸರಿಗೆ ಕೊಟ್ಟ ಹೇಳಿಕೆ ಅದು.

"ಹಾಗಾದ್ರೆ ಬಂದಿದ್ಲು" ಎಂದಳು ಕಾತ್ಯಾಯಿನಿ. "ಸುಳ್ಳು ಲೇಖನದ ಗುಟ್ಟು ಈ ಹಜಾರದಲ್ಲಿ ತಿಳ್ಕೊಂಡ್ಲು. ಇಲ್ಲೇ ಕಾಫಿ ಕುಡಿದ್ಲು. ಕತ್ತಲಾಗೋದ್ರೊಳಗೆ ಸತ್ತಳು."

ಮಲ್ಲಿಕಾರ್ಜುನ ಗೋಡೆಯಿಂದ ತಿರುಗಿದಾಗ ಅವನ ಮುಖದ ಕೆಂಪು ಇಳಿದಿತ್ತು. ಕಾತ್ಯಾಯಿನಿಗೆ ಅದು ಹಿಡಿಸಲಿಲ್ಲ. ಸಿಕ್ಕಿಬಿದ್ದವನು ಬೆವರಬೇಕು. ಇವನು ಗಡಿಯಾರ ನೋಡಿದ.

"ಸರಿ ಮೇಡಂ. ಬಂದಿದ್ಲು. ಕಾಫಿನೂ ಕುಡಿದ್ಲು. ಕೊಟ್ಟೋರು ಯಾರು ಅಂತ ಕೇಳಲ್ವಾ?"

"ಯಾರು?"

"ತಿಮ್ಮಮ್ಮ. ನಿಮ್ಮ ಕಕ್ಷಿದಾರನ ಹೆಂಡತಿ. ಗಂಡ ವಿಷ ತಂದುಕೊಟ್ಟ, ಇವಳು ಬೆರೆಸಿದ್ಲು. ಹೆಂಗಸು ಅಂತ ಕರುಣೆಯಿಂದ ಇಷ್ಟು ದಿನ ಮುಚ್ಚಿಟ್ಟಿದ್ವಿ. ಇನ್ನು ಮುಚ್ಚಿಡೋಕಾಗಲ್ಲ. ನೀವೇ ಬಾಯಿ ಬಿಡಿಸಿದ್ರಿ."

ಕಾತ್ಯಾಯಿನಿ ನಕ್ಕುಬಿಟ್ಟಳು. ಒಣ ನಗು.

"ಈ ಮನೇಲಿ? ತಿಮ್ಮಮ್ಮ ಕಾಫಿ ಕೊಟ್ಟಳಾ? ಈಗಷ್ಟೇ ನಿಮ್ಮಮ್ಮ, ಪಾತ್ರೆ ಇನ್ನೊಬ್ಬರ ಕೈಗೆ ಕೊಟ್ಟೋಳಲ್ಲ ಅಂದ್ರು. ಆ ತಗಡಿನ ಲೋಟಕ್ಕೆ ಮೇಲಿಂದ ಹೊಯ್ದಿದ್ದನ್ನ ಕಣ್ಣಾರೆ ಕಂಡೆ. ಅವಳು ನಿಮ್ಮ ಹೊಸ್ತಿಲನ್ನೇ ದಾಟುವಂತಿಲ್ಲ."

"ಹೌದಾ? ಅಮ್ಮ, ಹೇಳು. ತಿಮ್ಮಮ್ಮ ಅಡುಗೆಮನೆಗೆ ಬರೋದಿಲ್ವಾ?"

ಮಗನ ಕಣ್ಣು ತಾಯಿಯ ಮೇಲಿತ್ತು. ವಿಮಲಮ್ಮ ಆ ಕಣ್ಣನ್ನು ಓದಿದರು. ತೋಟದ ಮಾನಕ್ಕಾಗಿ ನಿಜ ಹೇಳಿ ಮಗನ ಕುತ್ತಿಗೆ ಕೊಯ್ದದ್ದು ಆಗಲೇ ಅವರಿಗೆ ಅರ್ಥವಾಗಿದ್ದು. ಬೆನ್ನು ಇನ್ನಷ್ಟು ನೆಟ್ಟಗಾಯಿತು.

"ಬರ್ತಾಳೆ" ಎಂದರು. "ದಿನಾ ಬರ್ತಾಳೆ. ಆವತ್ತು ಕಾಫಿ ಕಾಯಿಸಿ ಕೊಟ್ಟಿದ್ದೂ ಅವಳೇ."

"ಕೋರ್ಟಲ್ಲಿ ಹೇಳ್ತೀರಾ ಇದನ್ನ?"

"ಹೇಳ್ತೀನಿ."

"ಅವಳು ಕೊಡಲಿಲ್ಲ ಅಂತ ಸಾಬೀತಾಗಬೇಕಾದ್ರೆ ನಾವು ಅವಳನ್ನ ಮುಟ್ಟಿಸಿಕೊಳ್ಳಲ್ಲ ಅಂತ ನಾವೇ ಒಪ್ಪಬೇಕು" ಎಂದ ಮಲ್ಲಿಕಾರ್ಜುನ ಮೆಲ್ಲಗೆ. "ಈ ಕಾಲದಲ್ಲಿ ಯಾರು ಒಪ್ತಾರೆ ಮೇಡಂ? ಅಪರಾಧ ಅದು."

ಫೋನು ಬಡಿದುಕೊಂಡಿತು. ಅವನು ಗಡಿಯಾರ ನೋಡಿದ್ದು ಯಾಕೆಂದು ಕಾತ್ಯಾಯಿನಿಗೆ ಆಗ ಹೊಳೆಯಿತು.

"ನಿಮಗೇ ಇರಬೇಕು" ಎಂದು ಅವನು ರಿಸೀವರ್ ಎತ್ತಿ ಚಾಚಿದ.

ಮೊಬೈಲಿಗೆ ಸಿಗ್ನಲ್ ಸಿಗದ ಜಾಗವೆಂದು ಈ ಮನೆಯ ನಂಬರನ್ನು ಆಫೀಸಿನಲ್ಲಿ ಕೊಟ್ಟು ಜೀಪು ಹತ್ತಿದ್ದಳು. ಆ ಕಡೆ ಅವಳ ಗುಮಾಸ್ತ ಲಿಂಗಪ್ಪ. ಸತ್ತ ಸೀನಿಯರ್ ವಕೀಲರ ಕಾಲದಿಂದ ಇದ್ದವನು. ಕರಿಕೋಟು ಹಾಕುವುದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಅವಳಿಗೆ ಕಲಿಸಿದವನು. ಬೆಳಿಗ್ಗೆ ಲಕ್ಕಯ್ಯನ ಸಹಿಗೆಂದು ಜೈಲಿಗೆ ಅವನನ್ನೇ ಕಳಿಸಿದ್ದಳು.

"ಮೇಡಂ, ಕೆಟ್ಟ ಸುದ್ದಿ. ಲಕ್ಕಯ್ಯ ತಪ್ಪೊಪ್ಪಿಗೆ ಕೊಡ್ತೀನಿ ಅಂತ ಜೈಲಿಂದ ಅರ್ಜಿ ಬರೆಸಿಬಿಟ್ಟಿದ್ದಾನೆ. ನಾನೇ ಕೊಂದಿದ್ದು ಅಂತ. ಯೋಚನೆ ಮಾಡು ಅಂತ ಮ್ಯಾಜಿಸ್ಟ್ರೇಟರು ನಾಳೆವರೆಗೂ ಟೈಮ್ ಕೊಟ್ಟಿದ್ದಾರೆ."

"ಯಾಕೆ? ನಿನ್ನೆವರೆಗೂ ನಾನಲ್ಲ ಅಂತಿದ್ದನಲ್ಲ."

"ಹೆಂಡತೀನ ಉಳಿಸೋಕೆ ಮೇಡಂ, ಮತ್ತೆ ಇನ್ನೇನು? ಆ ಮನೇಲಿ ಆ ಹುಡುಗಿಗೆ ಕಾಫಿ ಕೊಟ್ಟಿದ್ದು ತಿಮ್ಮಮ್ಮ ಅಂತ ಆದ್ರೆ ಅವಳನ್ನೂ ಒಳಗೆ ಹಾಕ್ತಾರಲ್ಲ. ಒಬ್ಬರಾದ್ರೂ ಹೊರಗಿರಲಿ ಅಂತ ಇರಬೇಕು. ನನ್ನ ಕೇಳಿದ್ರೆ, ಬಿಟ್ಟುಬಿಡಿ ಮೇಡಂ. ಅವನೇ ಒಪ್ಪಿಕೊಂಡ ಮೇಲೆ ನಾವು ಯಾಕೆ ತಲೆ ಕೊಡೋದು?"

ಕಾತ್ಯಾಯಿನಿಗೆ ಏನೋ ಒಂದು ಮುಳ್ಳು ಚುಚ್ಚಿತು. ಅರ್ಪಿತಾ ಈ ಮನೆಯಲ್ಲಿ ಕಾಫಿ ಕುಡಿದ ಮಾತು ಹುಟ್ಟಿದ್ದೇ ಈಗ, ಈ ಹಜಾರದಲ್ಲಿ. ಅದು ಮೂಡಿಗೆರೆಗೆ ಅವಳಿಗಿಂತ ಮೊದಲೇ ಹೇಗೆ ತಲುಪಿತು?

ಹಿತ್ತಲ ಕಡೆಯಿಂದ ಪಾತ್ರೆಯ ಸದ್ದು ನಿಂತಿತ್ತು.

ತಿಮ್ಮಮ್ಮ ಎದ್ದು ನಿಂತಿದ್ದಳು. ಒದ್ದೆ ಕೈಗಳಿಂದ ಬೂದಿನೀರು ತೊಟ್ಟಿಕ್ಕುತ್ತಿತ್ತು. ಹೊಸ್ತಿಲನ್ನು ಒಮ್ಮೆ ನೋಡಿದಳು. ಆಮೇಲೆ ಬಲಗಾಲೆತ್ತಿ ಒಳಗಿಟ್ಟಳು.

"ಏ, ಅಲ್ಲೇ ನಿಲ್ಲೇ. ಒಳಗೆ ಕಾಲಿಡಬೇಡ."

ಕೂಗಿದ್ದು ವಿಮಲಮ್ಮ. ಬಾಯಿ ಆಡಿದ್ದನ್ನು ಕಿವಿ ಕೇಳಿಸಿಕೊಳ್ಳುವಷ್ಟರಲ್ಲಿ ತಡವಾಗಿತ್ತು. ಅವರು ಸೆರಗನ್ನು ಬಾಯಿಗೊತ್ತಿಕೊಂಡರು. ಮಲ್ಲಿಕಾರ್ಜುನ ಕಣ್ಣು ಮುಚ್ಚಿದ.

ದಿನಾ ಬರುವವಳಿಗೆ, ಕಾಫಿ ಕಾಯಿಸುವವಳಿಗೆ, ಯಾರೂ ಹಾಗೆ ಕೂಗುವುದಿಲ್ಲ.

ತಿಮ್ಮಮ್ಮ ನಿಲ್ಲಲಿಲ್ಲ. ನಡುಮನೆ ದಾಟಿದಳು. ಪಾಲಿಶ್ ಹಾಕಿದ ಕೆಂಪು ನೆಲದ ಮೇಲೆ ಅವಳ ಒದ್ದೆ ಹೆಜ್ಜೆ ಒಂದೊಂದೂ ಮೂಡಿತು. ಕಾತ್ಯಾಯಿನಿಯ ಎದುರು ಬಂದು ನಿಂತಳು.

"ಆವತ್ತಿನ ಲೋಟ ತೊಳೆದಿದ್ದು ನಾನು ಲಾಯರಮ್ಮ. ಹಿತ್ತಲಿಗೆ ತಂದು ಹಾಕಿದ್ದು ಅಮ್ಮಾರೇ. ಮೂರು ಲೋಟ."

"ಮೂರಾ?"

"ಅರ್ಪಿತಮ್ಮಂದೊಂದು. ಅಮ್ಮಾರ್ದೊಂದು. ಅಯ್ಯ ಊರಲ್ಲಿರಲಿಲ್ಲ." ಅವಳು ಡಾಕ್ಟರ ಕಡೆ ನೋಡಲೂ ಇಲ್ಲ. "ಮೂರನೇದು ಕುಡಿದೋರು ಕೈ ತೊಳೆಯೋಕೆ ಹಿತ್ತಲಿಗೆ ಬಂದ್ರು. ನಲ್ಲಿ ಎಲ್ಲಿ ಅಂದ್ರು, ತೋರಿಸ್ದೆ. ಆಮೇಲೆ ನನ್ನ ಗಂಡನ್ನ ಹಿಡ್ಕೊಂಡು ಹೋದ್ರಲ್ಲ, ನಿಮ್ಮ ಆಫೀಸಿಗೆ ಬಂದೆ. ಬಾಗಿಲಲ್ಲೇ ಮೇಜು ಹಾಕ್ಕೊಂಡು ಅವರೇ ಕೂತಿದ್ರು. ನನ್ನ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದೂ ಅವರೇ."

ಕಾತ್ಯಾಯಿನಿಯ ಕೈಯಲ್ಲಿ ರಿಸೀವರ್ ಇನ್ನೂ ಹಾಗೇ ಇತ್ತು, ಅದರ ಆ ತುದಿಯಲ್ಲಿ ಅದೇ ಲಿಂಗಪ್ಪ.

"ಇಷ್ಟು ದಿನ ಯಾಕೆ ಹೇಳಲಿಲ್ಲ ತಿಮ್ಮಮ್ಮ?"

"ಹೇಳೋದು ಯಾರ ಹತ್ರ? ಅವರು ನಿಮ್ಮೋರು. ನೀವೂ ಅವರೋರು ಅಂದ್ಕೊಂಡೆ."

ರಿಸೀವರಿನಿಂದ ಸಣ್ಣ ದನಿ ಕೇಳಿಸಿತು.

"ಹಲೋ ಮೇಡಂ. ಅಲ್ಲಿ ಮಾತಾಡ್ತಿರೋದು ಯಾರು?"

ಕಾತ್ಯಾಯಿನಿ ಅದನ್ನು ಕಿವಿಗಿಟ್ಟುಕೊಂಡಳು.

"ಯಾರೂ ಇಲ್ಲ ಲಿಂಗಪ್ಪ. ಆಫೀಸಲ್ಲೇ ಇರಿ. ನಾನು ಬಂದೆ."

ಲಿಂಗಪ್ಪ, ಅವಳಿಗೆ ಮೊದಲ ವಕಾಲತ್ತು ಬರೆಯಲು ಕಲಿಸಿದ ಅದೇ ಮೆತ್ತನೆಯ ದನಿಯಲ್ಲಿ, "ತಿಮ್ಮಮ್ಮನ್ನ ಜೊತೇಲಿ ಕರ್ಕೊಂಡು ಬರಬೇಡಿ ಮೇಡಂ" ಎಂದ. "ಘಾಟಿ ರಸ್ತೆ. ನಿಮ್ಮ ಜೀಪಿನ ಬ್ರೇಕು ಬೆಳಿಗ್ಗೆಯಿಂದ ಸರಿ ಇಲ್ಲ."

ಫೋನು ಸತ್ತಿತು.